‘ಒಂದು ನಿಮಿಷ, ಫಾದರ್’: ಧರ್ಮಕೇಂದ್ರದ ಬಂಧುಗಳಿಗೆ ಬಹಿರಂಗ ಪತ್ರ

ಪ್ರೀತಿಯ ಬಂಧುಗಳೇ,

ಭಾನುವಾರದ ಬಲಿಪೂಜೆಗೆ (ಮಾಸ್‌ಗೆ) ಇನ್ನು ಹತ್ತೇ ನಿಮಿಷ ಇರುವಾಗ ಗುರುಗಳನ್ನು ಅಡ್ಡಗಟ್ಟಿ ‘ಒಂದು ನಿಮಿಷ, ಫಾದರ್’ ಎನ್ನುವವರು ಒಬ್ಬಿಬ್ಬರಲ್ಲ. ಒಬ್ಬರಿಗೆ ಜ್ಞಾನಸ್ನಾನದ ಪ್ರಮಾಣಪತ್ರ ಬೇಕು. ಇನ್ನೊಬ್ಬರಿಗೆ ಜಪಮಾಲೆ ಆಶೀರ್ವದಿಸಿಕೊಡಬೇಕು. ಮತ್ತೊಬ್ಬರು ತಮ್ಮ ತಾಯಿ ಹಾಸಿಗೆ ಹಿಡಿದು ಮೂರು ವಾರವಾದ ಸುದ್ದಿಯನ್ನು ಆಗಲೇ ಹೇಳುತ್ತಾರೆ. ಇದರಲ್ಲಿ ಯಾವುದೂ ಅನ್ಯಾಯದ ಬೇಡಿಕೆಯಲ್ಲ. ತಪ್ಪಿರುವುದು ಹೊತ್ತು ಮಾತ್ರ.

ಗುರುಗಳು ಇದನ್ನು ತಾವೇ ಪೀಠದಿಂದ ಹೇಳಿದರೆ ಗೊಣಗಾಟವೆನಿಸುತ್ತದೆ, ಹೇಳದಿದ್ದರೆ ಮುಂದಿನ ಭಾನುವಾರವೂ ಅದೇ ಕತೆ. ಹಾಗಾಗಿ ಅವರ ಅಕ್ಕಪಕ್ಕದಲ್ಲಿ ಕೆಲಸ ಮಾಡುವ ನಾವು, ಅಂದರೆ ಪೂಜೆಗೆ ಅಣಿಮಾಡುವವರು, ಕಚೇರಿಯ ದಾಖಲೆ ನೋಡುವವರು, ಕಾಣಿಕೆ ಎಣಿಸುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಕೆಲಸ ಹೆಚ್ಚಾಯಿತೆಂಬ ದೂರು ಇದಲ್ಲ. ಕೆಲಸ ಹೊತ್ತಲ್ಲದ ಹೊತ್ತಿಗೆ, ಅದೂ ಅರ್ಧಂಬರ್ಧ ಮಾಹಿತಿಯೊಂದಿಗೆ ಬರುತ್ತದೆ. ಗುರುಗಳ ದಿನದ ಸಣ್ಣಪುಟ್ಟ ಕಿರಿಕಿರಿಗಳಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ ಹುಟ್ಟುತ್ತದೆ.

ಆ ಹತ್ತು ನಿಮಿಷದಲ್ಲಿ ಒಳಗೆ ಏನು ನಡೆಯುತ್ತದೆ, ನೋಡಿ. ವಾಚನ ಗ್ರಂಥದ ರಿಬ್ಬನ್ ಆ ದಿನದ ಪುಟಕ್ಕೇ ಇದೆಯೇ ಎಂದು ನೋಡಬೇಕು. ಭಾನುವಾರದ ವಾಚನಗಳು ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ: ಮೊದಲ ವರ್ಷ ಮತ್ತಾಯನ ಶುಭಸಂದೇಶ, ಎರಡನೆಯ ವರ್ಷ ಮಾರ್ಕನದು, ಮೂರನೆಯ ವರ್ಷ ಲೂಕನದು. ವಾರದ ದಿನಗಳದ್ದು ಎರಡು ವರ್ಷದ ಸುತ್ತು. ವರ್ಷ ತಪ್ಪಿದರೆ ವಾಚಕರು ಒಂದನ್ನು ಓದುತ್ತಾರೆ, ಗುರುಗಳ ಪ್ರಬೋಧನೆ (ಪೂಜೆಯ ನಡುವಿನ ಉಪದೇಶ) ಇನ್ನೊಂದರ ಮೇಲಿರುತ್ತದೆ. ಆಮೇಲೆ ಓಸ್ತಿಗಳ, ಅಂದರೆ ಪರಮಪ್ರಸಾದವಾಗಿ ಹಂಚುವ ತೆಳು ರೊಟ್ಟಿಗಳ ಲೆಕ್ಕ. ಬಾಗಿಲಲ್ಲಿ ನಿಂತವರು ತಲೆ ಎಣಿಸಿ ಹೇಳಬೇಕು. ಕಡಿಮೆ ಬಿದ್ದರೆ ಗುರುಗಳು ಇರುವುದನ್ನೇ ಮುರಿಮುರಿದು ಹಂಚಬೇಕಾಗುತ್ತದೆ. ಹೆಚ್ಚಾದರೆ ಪವಿತ್ರೀಕರಿಸಿದ್ದನ್ನು ಮತ್ತೆ ಡಬ್ಬಿಗೆ ಸುರಿಯುವಂತಿಲ್ಲ, ಪರಮಪ್ರಸಾದದ ಪೆಟ್ಟಿಗೆಯಲ್ಲಿ ಕಾಯ್ದಿಟ್ಟು ಮುಂದಿನ ಪೂಜೆಗಳಲ್ಲಿ ಮುಗಿಸಬೇಕು. ದೇವಾಲಯ ಅರ್ಧ ಖಾಲಿಯಿದ್ದಾಗ ಎಣಿಸಿ, ಪೂಜೆ ಶುರುವಾದ ಹದಿನೈದು ನಿಮಿಷಕ್ಕೆ ಇನ್ನರ್ಧ ಜನ ಬಂದರೆ ಯಾವ ಲೆಕ್ಕ ತಾನೇ ಸರಿಹೋದೀತು?

ಇನ್ನು ದ್ರಾಕ್ಷಾರಸ ಮತ್ತು ನೀರಿನ ಎರಡು ಪುಟ್ಟ ಹೂಜಿಗಳು. ದ್ರಾಕ್ಷಾರಸ ಬಿಳಿಯದಾದರೆ ಎರಡೂ ಒಂದೇ ಥರ ಕಾಣುತ್ತವೆ. ಗಡಿಬಿಡಿಯಲ್ಲಿ ಎರಡಕ್ಕೂ ನೀರೇ ತುಂಬಿದರೆ ಅದು ಚಿಕ್ಕ ತಪ್ಪಲ್ಲ. ದ್ರಾಕ್ಷಿಯಿಂದಲೇ ಆದ, ಕೆಡದ ರಸವಿಲ್ಲದೆ ಬಲಿಪೂಜೆ ಆಗುವುದಿಲ್ಲ. ಪಾತ್ರೆಯಲ್ಲಿರುವುದು ಬರೀ ನೀರೆಂದು ಗುರುಗಳಿಗೆ ಕುಡಿಯುವಾಗ ಗೊತ್ತಾದರೆ ಮಾಡಬೇಕಾದ್ದನ್ನು ಪೂಜಾಗ್ರಂಥದ ಸಾಮಾನ್ಯ ನಿಯಮಗಳೇ ಹೇಳುತ್ತವೆ. ಆ ನೀರನ್ನು ಬೇರೆ ಪಾತ್ರೆಗೆ ಸುರಿದು, ದ್ರಾಕ್ಷಾರಸ ಹಾಕಿ, ಒಂದಿಷ್ಟು ನೀರು ಬೆರೆಸಿ, ಪಾನಪಾತ್ರೆಗೆ ಸಂಬಂಧಿಸಿದ ಮಾತುಗಳನ್ನು ಮಾತ್ರ ಮತ್ತೆ ಹೇಳಬೇಕು. ರೊಟ್ಟಿಯ ಭಾಗವನ್ನು ಮತ್ತೆ ಹೇಳಬೇಕಿಲ್ಲ. ಇಷ್ಟನ್ನೂ ಎಲ್ಲರ ಕಣ್ಣೆದುರಿಗೇ ಮಾಡಬೇಕು. ಹೂಜಿಯನ್ನು ಮೂಸಿ ನೋಡಲು ಐದು ಸೆಕೆಂಡು ಸಾಕು. ಆ ಐದು ಸೆಕೆಂಡು ‘ಒಂದು ನಿಮಿಷ, ಫಾದರ್’ ಎಂಬುದರಲ್ಲಿ ಹೋಗಿಬಿಡುತ್ತದೆ.

ಮೈಕಿನ ವಿಷಯಕ್ಕೆ ಪ್ರತ್ಯೇಕ ಪತ್ರವನ್ನೇ ಬರೆಯಬಹುದು. ಕುತ್ತಿಗೆಯ ಮೈಕನ್ನು ಗದ್ದದಿಂದ ಸುಮಾರು ಒಂದು ಗೇಣು ಕೆಳಗೆ, ಹೊರಗಿನ ಪೂಜಾವಸ್ತ್ರದ ಮೇಲೇ ಸಿಕ್ಕಿಸಬೇಕು. ಒಳಗೆ ಸೇರಿಸಿದರೆ ಬಟ್ಟೆ ಉಜ್ಜುವ ಕರಕರ ಸದ್ದೇ ಪ್ರಾರ್ಥನೆಗಿಂತ ಜೋರಾಗಿ ಕೇಳುತ್ತದೆ. ಗಾಯನವೃಂದದ ನಾಲ್ಕು, ವಾಚಕರದೊಂದು, ಪೀಠದ್ದೊಂದು ಎಂದು ಎಲ್ಲ ಮೈಕುಗಳನ್ನೂ ಪೂಜೆಯುದ್ದಕ್ಕೂ ತೆರೆದಿಟ್ಟರೆ ಕೀರಲು ಬಂದೇ ಬರುತ್ತದೆ. ತೆರೆದ ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ, ಕೀರದೆ ದನಿ ಏರಿಸಲು ಇರುವ ಅವಕಾಶ 3 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಹಾಡು ಮುಗಿದೊಡನೆ ನಿಮ್ಮದನ್ನು ಮುಚ್ಚಿ. ಮೈಕನ್ನು ಬೆರಳಲ್ಲಿ ತಟ್ಟಬೇಡಿ, ಊದಬೇಡಿ. ಹಾಡಿನ ಹೊತ್ತಿಗೆ ಗುರುಗಳ ಮೈಕನ್ನು ತಗ್ಗಿಸುವವರು ಒಬ್ಬರು ಬೇಕೇಬೇಕು. ಎಲ್ಲ ಗುರುಗಳೂ ಶ್ರುತಿಯಲ್ಲಿ ಹಾಡುತ್ತಾರೆಂದು ಧರ್ಮಸಭೆಯ ಯಾವ ಬೋಧನೆಯೂ ಹೇಳುವುದಿಲ್ಲ.

ಅತಿ ಹೆಚ್ಚು ಮನಸ್ತಾಪ ಹುಟ್ಟಿಸುವ ವಿಷಯ ಪೂಜೆಯ ಕೋರಿಕೆ, ಅಂದರೆ ಇಂಥವರಿಗಾಗಿ ಪೂಜೆ ಅರ್ಪಿಸಿ ಎಂಬ ಬೇಡಿಕೆ. ‘ನಮ್ಮ ಅಪ್ಪನ ವರ್ಷಾಂತಿಕ, ಈ ಭಾನುವಾರವೇ ಆಗಬೇಕು’ ಎಂದು ಶನಿವಾರ ಸಂಜೆ ಬಂದವರಿಗೆ ‘ಜಾಗವಿಲ್ಲ’ ಎಂದರೆ ಸಿಟ್ಟು ಬರುತ್ತದೆ. ಜಾಗ ಯಾಕಿರುವುದಿಲ್ಲ ಎಂಬುದಕ್ಕೆ ಲೆಕ್ಕವಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಒಬ್ಬ ಗುರು ಸಾಮಾನ್ಯವಾಗಿ ದಿನಕ್ಕೆ ಒಂದೇ ಬಲಿಪೂಜೆ ಅರ್ಪಿಸಬೇಕು. ಗುರುಗಳ ಕೊರತೆ ಇದ್ದಲ್ಲಿ ಧರ್ಮಾಧ್ಯಕ್ಷರ (ಬಿಷಪ್ಪರ) ಅನುಮತಿಯಿಂದ ವಾರದ ದಿನ ಎರಡು, ಭಾನುವಾರ ಮತ್ತು ಕಡ್ಡಾಯ ಹಬ್ಬಗಳಲ್ಲಿ ಅಗತ್ಯವಿದ್ದರೆ ಮೂರು. ಆ ಮೂರರಲ್ಲಿ ಒಂದನ್ನು ಧರ್ಮಕೇಂದ್ರದ ಗುರು ತನಗೆ ಒಪ್ಪಿಸಿದ ಜನರೆಲ್ಲರಿಗಾಗಿ ಅರ್ಪಿಸಲೇಬೇಕು. ಅದಕ್ಕೆ ಕಾಣಿಕೆ ಇಲ್ಲ, ಬೇರೆ ಕೋರಿಕೆಯನ್ನು ಅದಕ್ಕೆ ಅಂಟಿಸುವಂತೆಯೂ ಇಲ್ಲ. ಉಳಿದದ್ದು ಎರಡು. ಹಾಗಾಗಿ ಭಾನುವಾರಗಳು ತಿಂಗಳುಗಟ್ಟಲೆ ಮುಂಚೆಯೇ ತುಂಬಿಹೋಗಿರುತ್ತವೆ. ಮಂಗಳವಾರದ ಬೆಳಗಿನ ಪೂಜೆ ಅಪ್ಪನ ಆತ್ಮಕ್ಕೆ ಎಳ್ಳಷ್ಟೂ ಕಡಿಮೆಯದಲ್ಲ. ಕಡಿಮೆ ಇರುವುದು ಹೆಸರು ಕೇಳಿಸಿಕೊಳ್ಳುವ ನೆಂಟರು.

ಹೆಸರು ಓದುವುದು ಬೇರೆ, ಕೋರಿಕೆಗಾಗಿ ಪೂಜೆ ಅರ್ಪಿಸುವುದು ಬೇರೆ. ಪ್ರತ್ಯೇಕವಾಗಿ ಕಾಣಿಕೆ ಪಡೆದ ಪ್ರತಿಯೊಂದು ಕೋರಿಕೆಗೂ ಪ್ರತ್ಯೇಕ ಪೂಜೆ ಅರ್ಪಿಸಬೇಕು, ಕಾಣಿಕೆ ಎಷ್ಟೇ ಚಿಕ್ಕದಿರಲಿ. ಒಂದೇ ಪೂಜೆಗೆ ಹಲವು ಕೋರಿಕೆ ಸೇರಿಸಬೇಕಾದರೆ ಕೊಟ್ಟವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿರಬೇಕು. ಅದಕ್ಕೂ ಮಿತಿಗಳಿವೆ. ಹೀಗಾಗಿ ‘ಇರೋ ಪಟ್ಟಿಗೆ ನಮ್ಮದೊಂದು ಸೇರಿಸಿಬಿಡಿ ಫಾದರ್, ಒಂದು ಹೆಸರು ತಾನೇ’ ಎಂಬ ಮಾತಿಗೆ ಗುರುಗಳು ತಡವರಿಸುವುದು ಬಿಗುಮಾನದಿಂದಲ್ಲ. ಒಂದು ವರ್ಷದೊಳಗೆ ತಾನೇ ಪೂರೈಸಲಾಗದಷ್ಟು ಕೋರಿಕೆಗಳನ್ನು ಅವರು ತೆಗೆದುಕೊಳ್ಳುವಂತಿಲ್ಲ. ಬಂದದ್ದೆಲ್ಲ ಪ್ರತ್ಯೇಕ ಪುಸ್ತಕದಲ್ಲಿ ದಾಖಲಾಗಬೇಕು. ದಿನಕ್ಕೆ ಎಷ್ಟೇ ಪೂಜೆ ಅರ್ಪಿಸಿದರೂ ಅವರು ತಮಗಾಗಿ ಇಟ್ಟುಕೊಳ್ಳಬಹುದಾದದ್ದು ಒಂದೇ ಪೂಜೆಯ ಕಾಣಿಕೆ, ಉಳಿದದ್ದು ಧರ್ಮಾಧ್ಯಕ್ಷರು ಹೇಳಿದ ಉದ್ದೇಶಕ್ಕೆ ಹೋಗುತ್ತದೆ. ಕ್ರಿಸ್ಮಸ್ ದಿನವೊಂದೇ ಇದಕ್ಕೆ ಹೊರತು. ಕೈಯಲ್ಲಿ ಏನೂ ಇಲ್ಲದವರೂ ಕೋರಿಕೆ ಕೊಡಬಹುದು. ಕಾಣಿಕೆ ಇಲ್ಲದೆಯೂ ಬಡವರ ಕೋರಿಕೆಗೆ ಪೂಜೆ ಅರ್ಪಿಸಬೇಕೆಂದು ಅದೇ ಸಂಹಿತೆ ಗುರುಗಳಿಗೆ ಶಿಫಾರಸು ಮಾಡುತ್ತದೆ.

ನೀವು ಮಾಡಬೇಕಾದ್ದು ಇಷ್ಟೇ: ಒಂದು ಚೀಟಿಯಲ್ಲಿ ಬಿಡಿಸಿದ ಅಕ್ಷರದಲ್ಲಿ ಹೆಸರು, ಬದುಕಿರುವವರೋ ತೀರಿಕೊಂಡವರೋ ಎಂಬುದು, ಬೇಕಾದ ದಿನ, ಅದು ಸಿಗದಿದ್ದರೆ ಇನ್ನೆರಡು ದಿನ, ನಿಮ್ಮ ಫೋನ್ ಸಂಖ್ಯೆ. ಎರಡನೆಯ ಅಂಶ ಬಹಳ ಮುಖ್ಯ. ಬರೀ ಹೆಸರಿದ್ದ ಚೀಟಿಯಿಂದ, ಮುಂದಿನ ಬೆಂಚಿನಲ್ಲಿ ಕುಳಿತಿದ್ದವರಿಗೇ ಆತ್ಮಶಾಂತಿ ಕೋರುವ ಸಂದರ್ಭ ಯಾವ ಧರ್ಮಕೇಂದ್ರದಲ್ಲಿ ಬೇಕಾದರೂ ಬರಬಹುದು.

ದಾಖಲೆ ಪುಸ್ತಕಗಳದ್ದು ಇನ್ನೊಂದು ದೊಡ್ಡ ಅಧ್ಯಾಯ. ಜ್ಞಾನಸ್ನಾನದ ಪುಸ್ತಕ ಒಂದು ದಿನ ಬರೆದು ಮುಚ್ಚಿಡುವಂಥದ್ದಲ್ಲ. ಮಗುವಿನ ಹೆಸರು, ಹುಟ್ಟಿದ ದಿನ ಮತ್ತು ಸ್ಥಳ, ಸಂಸ್ಕಾರದ ದಿನ ಮತ್ತು ಸ್ಥಳ, ತಂದೆತಾಯಿ, ಜ್ಞಾನ ತಂದೆತಾಯಿ, ಸಂಸ್ಕಾರ ಕೊಟ್ಟವರ ಹೆಸರು ಆ ಸಾಲಿನಲ್ಲಿ ಇರುತ್ತವೆ. ಆ ಮಗು ಬೆಳೆದು ದೃಢೀಕರಣ (ವಿಶ್ವಾಸವನ್ನು ಗಟ್ಟಿಗೊಳಿಸುವ ಸಂಸ್ಕಾರ) ಪಡೆದರೆ, ಮದುವೆಯಾದರೆ, ಗುರುಪಟ್ಟ ಅಥವಾ ಸನ್ಯಾಸದ ಶಾಶ್ವತ ವ್ರತ ಸ್ವೀಕರಿಸಿದರೆ ಅದನ್ನೂ ಅದೇ ಸಾಲಿನ ಅಂಚಿನಲ್ಲಿ ಬರೆಯಬೇಕು. ಮದುವೆ ಎಲ್ಲೇ ನಡೆಯಲಿ, ಆ ಸುದ್ದಿ ಜ್ಞಾನಸ್ನಾನವಾದ ಧರ್ಮಕೇಂದ್ರಕ್ಕೆ ಮರಳಿ ತಲುಪಬೇಕು. ಮದುವೆಗೆ ಬರುವಾಗ ‘ಪ್ರಮಾಣಪತ್ರ ಮನೆಯಲ್ಲೇ ಇದೆ, ಇಪ್ಪತ್ತು ವರ್ಷದ ಹಿಂದಿನದು’ ಎಂದರೆ ಸಾಲದು ಎನ್ನುವುದು ಇದಕ್ಕೇ. ಹಳೆಯ ಪ್ರತಿಯಲ್ಲಿ ನಿಮ್ಮ ಹುಟ್ಟು ಇದೆ, ಆಮೇಲಿನ ಬದುಕು ಇಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ ಪಡೆದ ಪ್ರತಿಯನ್ನು ಕೇಳುತ್ತಾರೆ. ಅಂಚಿನಲ್ಲಿ ಏನೂ ಇಲ್ಲ ಎಂಬುದೇ ನಿಮಗೆ ಬೇಕಾದ ಸಾಕ್ಷಿ.

ಪ್ರತಿ ಬೇಕಾದವರು ‘ನನ್ನ ಹೆಸರು ಹುಡುಕಿ’ ಎಂದಷ್ಟೇ ಹೇಳಿ ನಿಂತರೆ ಕೈಬರಹದ ನಾಲ್ಕು ಪುಸ್ತಕಗಳನ್ನು ತಿರುವಿಹಾಕಬೇಕಾಗುತ್ತದೆ. ಮನೆಯಲ್ಲಿ ಕರೆಯುವ ಹೆಸರು ಒಂದು, ಪುಸ್ತಕದಲ್ಲಿರುವ ಸಂತರ ಹೆಸರು ಇನ್ನೊಂದು. ಹುಟ್ಟಿದ ವರ್ಷ, ಸಂಸ್ಕಾರವಾದ ಅಂದಾಜು ತಿಂಗಳು, ತಂದೆಯ ಹೆಸರು, ತಾಯಿಯ ತವರಿನ ಹೆಸರು ಕೊಟ್ಟರೆ ಹತ್ತು ನಿಮಿಷದ ಕೆಲಸ. ಪುಸ್ತಕದಲ್ಲಿ ಅಕ್ಷರ ತಪ್ಪಿದ್ದರೆ ಗುರುಗಳು ಪೆನ್ನು ತೆಗೆದು ತಿದ್ದುವಂತಿಲ್ಲ. ಅದು ಸಾರ್ವಜನಿಕ ದಾಖಲೆ. ಜನನ ಪ್ರಮಾಣಪತ್ರದಂಥ ಆಧಾರ ಬೇಕು, ತಿದ್ದುಪಡಿಯ ಟಿಪ್ಪಣಿ ಬೇಕು, ಕೆಲವೊಮ್ಮೆ ಧರ್ಮಾಧ್ಯಕ್ಷರ ಕಚೇರಿಯ ಒಪ್ಪಿಗೆಯೂ ಬೇಕು. ದಾಖಲೆಯೇ ಸಿಗದಿದ್ದರೂ ಆಕಾಶ ಕಳಚಿ ಬೀಳುವುದಿಲ್ಲ. ಯಾರಿಗೂ ಬಾಧಕವಾಗದ ಸಂದರ್ಭದಲ್ಲಿ, ನಂಬಲರ್ಹ ಸಾಕ್ಷಿಯೊಬ್ಬರ ಹೇಳಿಕೆ ಸಾಕು. ವಯಸ್ಕರಾದ ಮೇಲೆ ಸಂಸ್ಕಾರ ಪಡೆದವರಾದರೆ ಅವರದೇ ಪ್ರಮಾಣವೂ ನಡೆಯುತ್ತದೆ.

ಜ್ಞಾನ ತಂದೆತಾಯಿಯರ ಆಯ್ಕೆಯಲ್ಲಿ ಪ್ರತಿ ತಿಂಗಳೂ ಅದೇ ಜಗ್ಗಾಟ. ಅವರು ಕಥೋಲಿಕರಾಗಿರಬೇಕು, 16 ವರ್ಷ ತುಂಬಿರಬೇಕು (ತಕ್ಕ ಕಾರಣವಿದ್ದರೆ ಗುರುಗಳು ಇದನ್ನು ಸಡಿಲಿಸಬಹುದು), ಪರಮಪ್ರಸಾದ ಮತ್ತು ದೃಢೀಕರಣ ಪಡೆದಿರಬೇಕು, ವಿಶ್ವಾಸಕ್ಕೆ ತಕ್ಕಂತೆ ಬಾಳುತ್ತಿರಬೇಕು. ಮಗುವಿನ ಹೆತ್ತವರು ಆಗುವಂತಿಲ್ಲ. ಒಬ್ಬರು ಸಾಕು, ಇಬ್ಬರಾದರೆ ಒಬ್ಬ ಗಂಡಸು, ಒಬ್ಬ ಹೆಂಗಸು. ಬೇರೆ ಕ್ರೈಸ್ತ ಪಂಗಡದ ಗೆಳೆಯರಿದ್ದರೆ ಕಥೋಲಿಕರೊಬ್ಬರ ಜತೆಗೆ ಸಾಕ್ಷಿಯಾಗಿ ನಿಲ್ಲಬಹುದು, ಪುಸ್ತಕದಲ್ಲಿ ಹಾಗೆಯೇ ದಾಖಲಾಗುತ್ತದೆ. ಇದನ್ನು ಕೇಕಿನ ಮೇಲೆ ಹೆಸರು ಬರೆಸುವ ಮೊದಲು ಕೇಳಿ. ಹೊಸಬಟ್ಟೆ ತೊಟ್ಟು, ದೂರದಿಂದ ಬಂದು, ಜ್ಞಾನಸ್ನಾನದ ತೊಟ್ಟಿಯ ಪಕ್ಕ ನಿಂತವರಿಗೆ ‘ನೀವಾಗುವುದಿಲ್ಲ’ ಎನ್ನುವ ಕಷ್ಟ ಯಾವ ಗುರುಗಳಿಗೂ ಬೇಡ.

ಈಗ, ಈ ಪತ್ರ ಬರೆಯಲು ಮುಖ್ಯ ಕಾರಣವಾದ ವಿಷಯ. ಇದು ಕಿರಿಕಿರಿಯ ಮಾತಲ್ಲ, ನೋವಿನದು. ರೋಗಿಗಳ ಅಭ್ಯಂಗವನ್ನು (ಕಾಯಿಲೆಯವರಿಗೆ ತೈಲ ಹಚ್ಚಿ ಪ್ರಾರ್ಥಿಸುವ ಸಂಸ್ಕಾರವನ್ನು) ನೀವು ಈಗಲೂ ಕೊನೆಯುಸಿರಿನ ಸಂಸ್ಕಾರವೆಂದೇ ತಿಳಿದಿದ್ದೀರಿ. ‘ಗುರುಗಳನ್ನು ಕರೆದರೆ ಅಮ್ಮ ಹೆದರಿಬಿಡುತ್ತಾರೆ’ ಎಂದು ತಡಮಾಡುತ್ತೀರಿ. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಅಪಾಯ ಶುರುವಾಗುತ್ತಿದ್ದಂತೆಯೇ ಆ ಸಂಸ್ಕಾರ ಪಡೆಯಬಹುದು. ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲು ಪಡೆಯಬಹುದು. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ, ಅದೇ ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆಯೂ ಪಡೆಯಬಹುದು. ತೀರಿಕೊಂಡವರಿಗೆ ಕೊಡುವಂತಿಲ್ಲ. ಪ್ರಾಣ ಹೋಗಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಕೊಡುತ್ತಾರೆ, ಖಚಿತವಾದರೆ ತೀರಿಕೊಂಡವರಿಗಾಗಿ ಇರುವ ಪ್ರಾರ್ಥನೆ ಮಾಡುತ್ತಾರೆ. ರಾತ್ರಿ ಎರಡಕ್ಕೆ ಓಡಿಬಂದ ಗುರುಗಳು ಬಾಗಿಲಲ್ಲೇ ಇದನ್ನು ವಿವರಿಸಬೇಕಾದ ಸ್ಥಿತಿ ತರಬೇಡಿ. ಉಪದೇಶಿಗಳಾಗಲಿ ಸಿಸ್ಟರ್‌ಗಳಾಗಲಿ ಇದನ್ನು ಕೊಡಲಾರರು, ಗುರುಪಟ್ಟವಾದವರೇ ಬೇಕು. ಅವರು ಆ ಹೊತ್ತಿಗೆ ಇನ್ನೊಂದು ದೇವಾಲಯದಲ್ಲಿ ಪೂಜೆಯ ನಡುವೆ ಇರಬಹುದು.

ಫೋನ್ ಮಾಡಿದಾಗ ‘ಬೇಗ ಬನ್ನಿ’ ಎಂದು ಇಟ್ಟುಬಿಡಬೇಡಿ. ರೋಗಿಯ ಪೂರ್ಣ ಹೆಸರು, ಆಸ್ಪತ್ರೆಯಾದರೆ ಯಾವ ಕಟ್ಟಡ, ಯಾವ ಮಹಡಿ, ಹಾಸಿಗೆ ಸಂಖ್ಯೆ, ಒಳಗೆ ಬಿಡುವ ಹೊತ್ತು, ಬಾಗಿಲಲ್ಲಿ ಯಾರು ಕಾಯುತ್ತಾರೆ, ಇವನ್ನು ಹೇಳಿ. ಪ್ರಜ್ಞೆ ಇದೆಯೇ, ನುಂಗಲು ಆಗುತ್ತದೆಯೇ ಎಂಬುದನ್ನು ಮರೆಯದೆ ಹೇಳಿ. ನುಂಗಲು ಕಷ್ಟವಿದ್ದರೆ ಓಸ್ತಿಯ ಚೂರೊಂದನ್ನು ಒಂದು ಚಮಚ ನೀರಿನೊಂದಿಗೆ ಕೊಡುತ್ತಾರೆ, ಅದೂ ಆಗದಿದ್ದರೆ ಒತ್ತಾಯ ಬೇಡ. ಪರಮಪ್ರಸಾದಕ್ಕೆ ಮೊದಲಿನ ಒಂದು ಗಂಟೆಯ ಉಪವಾಸ ರೋಗಿಗಳಿಗೂ ವೃದ್ಧರಿಗೂ ಅವರನ್ನು ನೋಡಿಕೊಳ್ಳುವವರಿಗೂ ಅನ್ವಯಿಸುವುದಿಲ್ಲ. ಮದ್ದು ನಿಲ್ಲಿಸಿ ಕಾಯಬೇಕಿಲ್ಲ, ಗಂಜಿ ಕುಡಿಸಬಹುದು. ಮಂಚದ ಪಕ್ಕ ಪುಟ್ಟ ಮೇಜು, ಒಗೆದ ಬಟ್ಟೆ, ಲೋಟದಲ್ಲಿ ನೀರು, ಕೈ ಒರೆಸಲು ಹತ್ತಿ ಇದ್ದರೆ ಸಾಕು. ಆಕ್ಸಿಜನ್ ಹಾಕಿರುವ ಕೋಣೆಯಲ್ಲಿ ಮೇಣದಬತ್ತಿ ಹಚ್ಚಬೇಡಿ! ತೈಲವನ್ನು ಹಣೆಗೂ ಎರಡೂ ಕೈಗಳಿಗೂ ಹಚ್ಚುತ್ತಾರೆ. ಕೈಗೆ ಸೂಜಿ, ಪಟ್ಟಿ ಇದ್ದರೆ ಚಿಂತೆಯಿಲ್ಲ. ತೀರ ಅಗತ್ಯವಾದರೆ ಹಣೆಗೊಂದೇ, ಅದೂ ಆಗದಿದ್ದರೆ ದೇಹದ ಬೇರೊಂದು ಭಾಗಕ್ಕೆ ಹಚ್ಚಿದರೂ ಸಂಸ್ಕಾರ ಪೂರ್ಣ. ಗುರುಗಳು ಬಂದಾಗ ಟಿವಿ ಆರಿಸಿ. ಪಾಪನಿವೇದನೆ ಮಾಡಬೇಕೆಂದಿದ್ದರೆ ಐದು ನಿಮಿಷ ಎಲ್ಲರೂ ಹೊರಗೆ ಹೋಗಿ.

ಪಾಪನಿವೇದನೆಯ ಮಾತು ಬಂದದ್ದಕ್ಕೆ ಒಂದಿಷ್ಟು. ಪೂಜೆಯ ಗಂಟೆ ಬಾರಿಸುವಾಗ ಸಾಲು ನಿಲ್ಲಬೇಡಿ. ಹತ್ತು ವರ್ಷದ ಭಾರವನ್ನು ಎರಡು ನಿಮಿಷದಲ್ಲಿ ಇಳಿಸಲಾಗದು, ಅಂಥದ್ದಿದ್ದರೆ ಮೊದಲೇ ಹೊತ್ತು ಕೇಳಿ ಬನ್ನಿ. ಅಲ್ಲಿ ಕೇಳಿದ್ದನ್ನು ಗುರುಗಳು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಹೊರಗೆಡಹುವಂತಿಲ್ಲ. ನೇರವಾಗಿ ಮುರಿದರೆ ಆ ಕ್ಷಣವೇ ಧರ್ಮಸಭೆಯಿಂದ ಬಹಿಷ್ಕಾರ. ಆದ್ದರಿಂದ ‘ಫಾದರ್ ನನಗೆ ಹೀಗಂದರು’ ಎಂದು ನೀವು ಹೊರಗೆ ಹೇಳಿಕೊಂಡು ತಿರುಗಿದರೆ, ಅದು ಸುಳ್ಳೇ ಆಗಿದ್ದರೂ, ಅವರು ಬಾಯಿಬಿಟ್ಟು ಅಲ್ಲಗಳೆಯುವಂತಿಲ್ಲ. ಇಷ್ಟು ತಿಳಿದಿದ್ದರೆ ಸಾಕು.

ಹಣದ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ಕಾಣಿಕೆಯನ್ನು ಗುರುಗಳು ಒಬ್ಬರೇ ಎಣಿಸಬಾರದು. ಪರಸ್ಪರ ಸಂಬಂಧಿಗಳಲ್ಲದ ಇಬ್ಬರು ಅಥವಾ ಮೂವರು ಸರದಿಯಲ್ಲಿ ಎಣಿಸಿ, ಸಹಿ ಹಾಕಿ, ಚೀಲ ಮುಚ್ಚಿ, ಬ್ಯಾಂಕು ತೆರೆದ ಮೊದಲ ದಿನವೇ ಕಟ್ಟಬೇಕು. ಎಣಿಸಲು ಬರುತ್ತೇನೆಂದವರು ಬಾರದ ದಿನ ಆ ಚೀಲ ಗುರುಗಳ ಕೋಣೆಯಲ್ಲಿ ಉಳಿಯುತ್ತದೆ, ಮಾತೂ ಅಲ್ಲೇ ಹುಟ್ಟುತ್ತದೆ. ಲಕೋಟೆಯ ಮೇಲೆ ‘ಸ್ವರೂಪಕ್ಕೆ (ಪ್ರತಿಮೆಗೆ) ಬಣ್ಣ ಬಳಿಯಲು’ ಎಂದು ಬರೆದರೆ ಆ ಹಣವನ್ನು ಅದಕ್ಕೇ ಬಳಸಬೇಕು, ಸೋರುವ ಚಾವಣಿಗಲ್ಲ. ಎಲ್ಲರಿಗೂ ಸ್ವರೂಪದ ಮೇಲೆ ಭಕ್ತಿ, ಮಳೆನೀರಿನ ಕೊಳವೆಯ ಮೇಲೆ ಯಾರಿಗೂ ಇಲ್ಲ. ಸಾಧ್ಯವಾದರೆ ‘ಅಗತ್ಯವಿದ್ದಲ್ಲಿಗೆ’ ಎಂದು ಬರೆಯಿರಿ.

ಪ್ರಬೋಧನೆ ಉದ್ದವಾಯಿತೆಂಬ ನಿಮ್ಮ ದೂರಿನಲ್ಲಿ ನಾವು ನಿಮ್ಮ ಪಕ್ಷ. 8 ನಿಮಿಷ ಮೀರಬಾರದೆಂದು 2024ರ ಜೂನ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರೇ ಹೇಳಿದ್ದರು. ಆದರೆ ಚುಟುಕಾಗಿ ಹೇಳಲು ಹೆಚ್ಚು ತಯಾರಿ ಬೇಕು. ಶನಿವಾರ ರಾತ್ರಿಯ ಒಂದು ಗಂಟೆ ಯಾರ ಕರೆಯೂ ಬಾರದೆ ಸಿಕ್ಕರೆ ಭಾನುವಾರ ನಿಮಗೆ ಐದು ನಿಮಿಷ ಉಳಿಯುತ್ತದೆ.

ಮದುವೆ ದಿನ ವಧು ನಲವತ್ತು ನಿಮಿಷ ತಡವಾಗಿ ಬಂದರೆ ನಂತರದ ಜ್ಞಾನಸ್ನಾನ, ಅದರ ನಂತರದ ಆಸ್ಪತ್ರೆ, ಸಂಜೆಯ ಶವಸಂಸ್ಕಾರ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಕೊನೆಯ ಮನೆಯವರಿಗೆ ಕಾಣುವುದು ‘ತಡವಾಗಿ ಬಂದ ಫಾದರ್’ ಮಾತ್ರ. ಛಾಯಾಗ್ರಾಹಕರು ಎಲ್ಲಿ ನಿಲ್ಲಬೇಕೆಂದು ಹಿಂದಿನ ದಿನವೇ ಬಂದು ಕೇಳಲಿ, ಪ್ರತಿಜ್ಞೆಯ ಹೊತ್ತಿಗೆ ಪೀಠದ ಮೆಟ್ಟಿಲೇರುವುದು ಬೇಡ.

ರಜೆಯ ಬಗ್ಗೆಯೂ ಹೇಳಬೇಕು. ಸಂಹಿತೆ ಧರ್ಮಕೇಂದ್ರದ ಗುರುವಿಗೆ ವರ್ಷಕ್ಕೆ ಹೆಚ್ಚೆಂದರೆ ಒಂದು ತಿಂಗಳ ರಜೆ ಕೊಡುತ್ತದೆ. ವಾರ್ಷಿಕ ಧ್ಯಾನಕೂಟದ ದಿನಗಳನ್ನು ಅದರಲ್ಲಿ ಎಣಿಸುವುದಿಲ್ಲ. ಒಂದು ವಾರಕ್ಕಿಂತ ಹೆಚ್ಚು ಹೊರಗಿರುವುದಾದರೆ ಧರ್ಮಾಧ್ಯಕ್ಷರಿಗೆ ತಿಳಿಸಬೇಕು. ವಾರದ ಬಿಡುವು ಬಹುಪಾಲು ಕಡೆ ಸೋಮವಾರ. ಸಾವು, ಸಾಯುವ ಸ್ಥಿತಿ, ಅಪಘಾತ ಇವಕ್ಕೆ ಸೋಮವಾರವೂ ನಡುರಾತ್ರಿಯೂ ಕರೆಯಿರಿ, ಹಿಂಜರಿಯಲೇಬೇಡಿ. ಸಭಾಂಗಣದ ಬೀಗದ ಕೈಗೆ, ಕಳೆದ ಕೊಡೆಗೆ, ಪೂಜೆಯ ಹೊತ್ತು ಕೇಳಲು ಕಚೇರಿಗೆ ಮಾಡಿ. ಬೀಗದ ಕೈಯ ಇನ್ನೊಂದು ಗೊಂಚಲು ಪಾಲನಾ ಪರಿಷತ್ತಿನ ಕಾರ್ಯದರ್ಶಿಗಳ ಬಳಿ ಇರಲಿ ಎಂದು ಈ ಮೂಲಕ ಪರಿಷತ್ತನ್ನೂ ಕೇಳಿಕೊಳ್ಳುತ್ತಿದ್ದೇವೆ.

ಪೂಜೆಗೆ ಮೊದಲು ಹೇಳಲೇಬೇಕಾದದ್ದು ಏನಾದರೂ ಇದ್ದರೆ, ಬಾಗಿಲ ಬಳಿ ಒಂದು ಪುಸ್ತಕ, ದಾರ ಕಟ್ಟಿದ ಪೆನ್ನು ಇಡುತ್ತೇವೆ. ಹೆಸರು, ವಿಷಯ, ಫೋನ್ ಸಂಖ್ಯೆ ಬರೆಯಿರಿ. ಪೂಜೆ ಮುಗಿದು ಗುರುಗಳು ಪೂಜಾವಸ್ತ್ರ ಕಳಚಿದ ಮೇಲೆ ಅದನ್ನು ಅವರ ಮುಂದಿಡುವುದು ನಮ್ಮ ಹೊಣೆ.

ಇಂತಿ,
ಪೂಜೆಗೆ ಅಣಿಮಾಡುವವರು, ದಾಖಲೆ ಬರೆಯುವವರು, ಕಾಣಿಕೆ ಎಣಿಸುವವರು

ವಿ.ಸೂ.: ‘ನಡುರಾತ್ರಿ ಪೂಜೆ ಎಷ್ಟು ಗಂಟೆಗೆ?’ ಎಂದು ಡಿಸೆಂಬರ್‌ನಲ್ಲಿ ಫೋನ್ ಮಾಡುವವರನ್ನು ನೋಡಿ ನಗುವುದು ರೂಢಿ. ನಗಬೇಕಿಲ್ಲ. ಪೂಜಾಗ್ರಂಥದಲ್ಲಿ ಅದರ ಹೆಸರು ‘ರಾತ್ರಿಯ ಬಲಿಪೂಜೆ’ ಎಂದಷ್ಟೇ ಇದೆ, ಹನ್ನೆರಡೇ ಗಂಟೆಗೆ ಆಗಬೇಕೆಂದಿಲ್ಲ. ಹೊತ್ತನ್ನು ಬಾಗಿಲಿಗೆ ಅಂಟಿಸಿರುತ್ತೇವೆ.